ಜೇಬಿನ ಕತ್ತಿ: ಹೊಳಪಿಗಿಂತ ಹದ ಮುಖ್ಯ

ಮಲೆನಾಡಿನ ಮನೆಗಳಲ್ಲಿ ಕತ್ತಿಗಳಿಗೆ ಕೊರತೆಯಿಲ್ಲ. ಸೊಪ್ಪು ಕಡಿಯುವುದಕ್ಕೆ ಒಂದು, ಹುಲ್ಲು ಕೊಯ್ಯುವುದಕ್ಕೆ ಒಂದು, ಅಡಿಕೆ ಸುಲಿಯುವುದಕ್ಕೆ ಮೆಟ್ಟುಗತ್ತಿ, ಕವಳದ ಬಟ್ಟಲಿನಲ್ಲಿ ಅಡಕತ್ತರಿ. ಇವುಗಳ ಗುಣಾವಗುಣಗಳನ್ನು ನಮ್ಮ ಹಿರಿಯರು ಹೆಬ್ಬೆರಳ ತುದಿಯಿಂದಲೇ ಅಳೆದು ಹೇಳಬಲ್ಲರು. ಆದರೆ ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚುಗತ್ತಿಯ ವಿಷಯ ಬಂದಾಗ ಈ ವಿವೇಕವೆಲ್ಲ ಎಲ್ಲಿಯೋ ಮರೆಯಾಗುತ್ತದೆ. ಜಾತ್ರೆಯ ಅಂಗಡಿಯಲ್ಲಿ ಯಾವುದು ಹೆಚ್ಚು ಹೊಳೆಯುತ್ತದೆಯೋ, ಯಾವುದರ ಹೊಟ್ಟೆಯಿಂದ ಹೆಚ್ಚು ಸಲಕರಣೆಗಳು ಹೊರಬರುತ್ತವೆಯೋ ಅದನ್ನೇ ಕೊಂಡು ತರುತ್ತೇವೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದರ ಕೀಲು ಸಡಿಲವಾಗಿ, ಬಾಯಿ ಮೊಂಡಾಗಿ, ಅಟ್ಟದ ಮೂಲೆ ಸೇರುತ್ತದೆ.

ಅದರ ಸ್ಥಾನವನ್ನು ಈಗ ಹಿಡಿದಿರುವುದು ಗಡ್ಡ ಹೆರೆಯುವ ಬ್ಲೇಡು ಮತ್ತು ತುದಿ ಮುರಿದು ಬಳಸುವ ಕಾಗದದ ಕಟರ್. ಗೊಬ್ಬರದ ಚೀಲ ಬಿಚ್ಚುವುದಕ್ಕೂ ಅದೇ, ಮೆಣಸಿನ ಬಳ್ಳಿ ಕಟ್ಟಿದ ದಾರ ಕತ್ತರಿಸುವುದಕ್ಕೂ ಅದೇ, ನರ್ಸರಿಯಲ್ಲಿ ಕಸಿ ಕಟ್ಟುವುದಕ್ಕೂ ಅದೇ. ಅಗ್ಗ ಹೌದು, ಹರಿತವೂ ಹೌದು. ಆದರೆ ಬಾಯಿ ಹೋದ ಬ್ಲೇಡು ಬೀಳುವುದು ತೋಟದ ಮಣ್ಣಿಗೇ. ಆ ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರೂ ನಾವೇ, ನಮ್ಮ ಆಳುಗಳೇ. ಪ್ಲಾಸ್ಟಿಕ್ಕಿನ ಬಗ್ಗೆ ಇಷ್ಟೊಂದು ಮಾತನಾಡುವ ನಾವು ತರಗೆಲೆಯ ಅಡಿಯಲ್ಲಿ ಅಡಗಿ ಕುಳಿತ ಈ ಉಕ್ಕಿನ ಚೂರುಗಳ ಬಗ್ಗೆ ಮೌನವಾಗಿದ್ದೇವೆ. ಹತ್ತಾರು ವರ್ಷ ಬಾಳುವ, ಮನೆಯಲ್ಲೇ ಮಸೆದುಕೊಳ್ಳಬಹುದಾದ, ದುಬಾರಿಯಲ್ಲದ ಒಂದು ಮಡಚುಗತ್ತಿ ಈ ಬ್ಲೇಡುಗಳಿಗೆ ನಿಜವಾದ ಉತ್ತರವೆಂದು ನನ್ನ ಅಭಿಪ್ರಾಯ. ಅದನ್ನು ಆರಿಸುವ ಬಗೆ ತಿಳಿದಿರಬೇಕು, ಅಷ್ಟೆ.

ಮೊದಲನೆಯದಾಗಿ, ಸಲಕರಣೆಗಳ ಸಂಖ್ಯೆಗೆ ಮರುಳಾಗಬಾರದು. ಕತ್ತರಿ, ಗರಗಸ, ಚಮಚ, ಬಾಟಲಿ ತೆರೆಯುವ ಕೊಕ್ಕೆ ಎಲ್ಲವನ್ನೂ ಇನ್ನೂರು ರೂಪಾಯಿಯೊಳಗೆ ತುಂಬಿಸಿ ಕೊಡಬೇಕಾದರೆ ತಯಾರಕನು ಎಲ್ಲಿಯಾದರೂ ಉಳಿಸಲೇಬೇಕು. ಆತ ಉಳಿಸುವುದು ಅಲಗಿನ ಉಕ್ಕಿನಲ್ಲಿ. ಅದೇ ಹಣಕ್ಕೆ ಒಂದೇ ಅಲಗಿನ ಸರಳ ಕತ್ತಿ ಕೊಂಡರೆ ಉಕ್ಕು ಉತ್ತಮವಾಗಿರುವ ಸಂಭವ ಹೆಚ್ಚು. ಅಲಗು ಮೂರು ಇಂಚಿದ್ದರೆ ದಿನನಿತ್ಯದ ಎಲ್ಲ ಕೆಲಸಕ್ಕೂ ಸಾಕು.

ಉಕ್ಕಿನ ಗುಣವನ್ನು ಅಂಗಡಿಯಲ್ಲಿ ನಿಂತು ಅರಿಯುವುದು ಕಷ್ಟ. ಆದರೆ ಒಂದು ಸುಲಭ ಪರೀಕ್ಷೆಯಿದೆ. ಹಳೆಯ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿರಿ. ಅಲಗು ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳದಿದ್ದರೆ ಅದು ಪಾತ್ರೆ, ಲೋಟ ಮಾಡುವ ಜಾತಿಯ ಸ್ಟೇನ್‌ಲೆಸ್ ಉಕ್ಕು. ಕಾಯಿಸಿ ತಣಿಸಿ ಹದ ಕೊಡಲು ಆ ಜಾತಿಗೆ ಬರುವುದಿಲ್ಲ. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಅಂಟಿಕೊಂಡ ಮಾತ್ರಕ್ಕೆ ಒಳ್ಳೆಯದೆಂದು ಅರ್ಥವಲ್ಲ, ಆದರೆ ಅಂಟದಿರುವುದನ್ನು ನಿಸ್ಸಂಶಯವಾಗಿ ಕೆಳಗಿಡಬಹುದು. ವಿದ್ಯಾರ್ಥಿಗಳು ಮನೆಯ ಎಲ್ಲ ಕತ್ತಿ, ಚಮಚಗಳ ಮೇಲೆ ಇದನ್ನು ಮಾಡಿ ನೋಡಲಿ. ಪಠ್ಯಪುಸ್ತಕದ ಒಂದು ಅಧ್ಯಾಯಕ್ಕಿಂತ ಹೆಚ್ಚು ತಿಳಿಯುತ್ತದೆ.

ಇನ್ನು ತುಕ್ಕು ಹಿಡಿಯುವ ಇಂಗಾಲದ ಉಕ್ಕೋ, ತುಕ್ಕು ಹಿಡಿಯದ ಸ್ಟೇನ್‌ಲೆಸ್ಸೋ ಎಂಬ ಪ್ರಶ್ನೆ. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ನಮ್ಮಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಂ ಅಲಗಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಆಕ್ಸೈಡ್ ಪದರವನ್ನು ಕಟ್ಟಿ ನೀರು, ಗಾಳಿಯಿಂದ ಕಾಪಾಡುತ್ತದೆ. ಇಂಗಾಲದ ಉಕ್ಕಿಗೆ ಈ ಕವಚವಿಲ್ಲ. ಹಸಿ ಅಡಿಕೆ, ಬಾಳೆಕಾಯಿ, ಮಾವಿನ ಮಿಡಿ ಕೊಯ್ದರೆ ಅವುಗಳ ಒಗರಿನೊಡನೆ ಕಬ್ಬಿಣ ಸೇರಿ ಅಲಗು ಕಪ್ಪಗಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ರಸಾಯನವೂ ಇದೇ. ಈ ಕಪ್ಪನ್ನು ಕಂಡು ಹೆದರಬೇಕಾಗಿಲ್ಲ. ಹೆದರಬೇಕಾದುದು ಕೆಂಪು ತುಕ್ಕಿಗೆ. ಬಳಸಿದ ಕೂಡಲೇ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಅದೂ ಬಾರದು.

ತೋಟಿಗರಾದ ನಮಗೆ ಇಂಗಾಲದ ಉಕ್ಕೇ ಮೇಲು ಎನ್ನುವುದಕ್ಕೆ ನನ್ನ ಬಳಿ ಇನ್ನೊಂದು ಕಾರಣವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುವ ಪದ್ಧತಿಯನ್ನು ಎಲ್ಲರೂ ಬಲ್ಲಿರಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಲೆಕ್ಕ. ಆದರೆ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ದ್ರಾವಣದಲ್ಲಿ ಹುಳಿ ಉಳಿಯುತ್ತದೆ. ಆಗ ಅದರಲ್ಲಿ ಕರಗಿಯೇ ಇರುವ ತಾಮ್ರ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ. ಅಂಥ ದ್ರಾವಣವನ್ನು ಹೊಡೆದರೆ ಎಳೆಯ ಸಿಂಗಾರ, ಕಾಯಿ ಸುಡುತ್ತವೆ. ಈ ಪರೀಕ್ಷೆ ನಿಂತಿರುವುದೇ ಬರಿಯ ಕಬ್ಬಿಣದ ಮೇಲೆ. ಸ್ಟೇನ್‌ಲೆಸ್ ಅಲಗನ್ನು ಅದ್ದಿದರೆ ಮೇಲೆ ಹೇಳಿದ ಕ್ರೋಮಿಯಂ ಕವಚ ಅಡ್ಡ ಬರುತ್ತದೆ. ದ್ರಾವಣ ಹುಳಿಯಾಗಿದ್ದರೂ ಅಲಗು ಬೆಳ್ಳಗೇ ಹೊರಬರಬಹುದು. ‘ಕೆಂಪಾಗಲಿಲ್ಲ, ಸರಿಯಾಗಿದೆ’ ಎಂದು ಹೊಡೆದುಬಿಟ್ಟರೆ ವರ್ಷದ ಫಸಲಿಗೇ ಪೆಟ್ಟು. ಮನೆಯ ಹಳೆಯ ಕಬ್ಬಿಣದ ಕತ್ತಿಗಳನ್ನು ಗುಜರಿಗೆ ಕೊಟ್ಟು ಎಲ್ಲವನ್ನೂ ಹೊಳೆಯುವ ಸ್ಟೀಲಿಗೆ ಬದಲಾಯಿಸುವವರು ಇದನ್ನು ನೆನಪಿಡಬೇಕು. ಪರೀಕ್ಷೆಗೆ ಮುನ್ನ ಅಲಗನ್ನು ಉಜ್ಜಿ ಬೆಳಗಿರಬೇಕು, ಆಮೇಲೆ ಸೋಪು ಹಾಕಿ ತೊಳೆಯಬೇಕು. ಅದೇ ಕತ್ತಿಯಲ್ಲಿ ಮೊಮ್ಮಗನಿಗೆ ಪೇರಲೆಹಣ್ಣು ಹೆಚ್ಚಿ ಕೊಡುವುದುಂಟಷ್ಟೆ!

ತೋಟದ ಕೆಲಸವಿಲ್ಲದ, ಚೀಲದಲ್ಲಿ ಕತ್ತಿ ಇಟ್ಟು ಮರೆತುಬಿಡುವ ಪಟ್ಟಣದ ವಿದ್ಯಾರ್ಥಿಗೆ ಮಾತ್ರ ಸ್ಟೇನ್‌ಲೆಸ್ ಇರಲಿ.

ಉಕ್ಕಿನಷ್ಟೇ ಮುಖ್ಯವಾದದ್ದು ಕೀಲು. ಕತ್ತಿಯನ್ನು ಬಿಚ್ಚಿ ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿರಿ. ಹೊಸದರಲ್ಲೇ ಅಲುಗಿದರೆ ಬೇಡ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು. ಬಳಸುವಾಗ ಅಲಗು ಬೆರಳಿನ ಮೇಲೆ ಮಡಚಿಕೊಂಡುಬಿಡುವುದೇ ಇದರ ದೊಡ್ಡ ಅಪಾಯವಾದ್ದರಿಂದ ತಡೆ ಇರುವ ಕತ್ತಿ ಒಳ್ಳೆಯದು. ಫ್ರಾನ್ಸಿನ ಸವೊಯಿ ಎಂಬ ಗುಡ್ಡಗಾಡು ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ರೂಪಿಸಿದ ರೈತರ ಕತ್ತಿ ಇಂದಿಗೂ ಅದೇ ಹೆಸರಿನಲ್ಲಿ ಬರುತ್ತದೆ. ಮರದ ಹಿಡಿ, ಒಂದೇ ಅಲಗು, ಕತ್ತಿನಲ್ಲಿ ತಿರುಗಿಸುವ ಒಂದು ಲೋಹದ ಬಳೆ. ಈ ಬಳೆ ಸೇರಿದ್ದು 1955ರಲ್ಲಿ. ಅಗ್ಗದ ಸರಳ ಕತ್ತಿಗೆ ಇದಕ್ಕಿಂತ ಉತ್ತಮ ಮಾದರಿ ನನಗೆ ಕಂಡಿಲ್ಲ. ಆದರೆ ಅಲ್ಲಿ ಅಗ್ಗವಾದದ್ದು ಇಲ್ಲಿಗೆ ಬರುವಾಗ ಸಾವಿರ ರೂಪಾಯಿ ದಾಟುತ್ತದೆ. ಮೇಲಾಗಿ ಅದರ ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ. ನಮ್ಮ ಆಷಾಢದಲ್ಲಿ ಅದನ್ನು ಬಿಚ್ಚುವುದೇ ಒಂದು ಸಾಹಸ. ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಡಿಸುವ ಉಪಾಯವನ್ನು ಸವೊಯಿಯವರೇ ಕಂಡುಕೊಂಡಿದ್ದಾರೆ. ನಮ್ಮ ಪೇಟೆಯ ಕೃಷಿ ಸಲಕರಣೆ ಅಂಗಡಿಗಳಲ್ಲಿ ಸಿಗುವ ಮಡಚುವ ಕಸಿ ಚಾಕು ಇದಕ್ಕಿಂತ ಎಷ್ಟೋ ಅಗ್ಗ. ಆದರೆ ಅನೇಕ ಕಸಿ ಚಾಕುಗಳ ಅಲಗನ್ನು ಒಂದೇ ಬದಿಗೆ ಮಸೆದಿರುತ್ತಾರೆ. ಎಡಗೈಯವರು ಇದನ್ನು ನೋಡಿಯೇ ಕೊಳ್ಳಬೇಕು.

ಹಿಡಿಯ ತುದಿಯಲ್ಲಿ ದಾರ ಕಟ್ಟಲು ತೂತಿರಲಿ. ಮಡಚುಗತ್ತಿಯೆಂದರೆ ಗಂಡಸರ ಜೇಬಿನ ವಸ್ತುವೆಂದು ತಯಾರಕರು ತಿಳಿದಂತಿದೆ. ತೋಟದಲ್ಲಿ ದಿನವಿಡೀ ದುಡಿಯುವ ಹೆಂಗಸರ ಸೀರೆಗೆ ಜೇಬಿಲ್ಲ. ದಾರವಿದ್ದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು.

ಬಳಕೆಯ ಬಗ್ಗೆ ಒಂದು ಎಚ್ಚರಿಕೆ. ಶುಂಠಿಯ ಬಿತ್ತನೆ ಗಡ್ಡೆ ಕತ್ತರಿಸುವಾಗ ದುಂಡಾಣು ಸೊರಗು ರೋಗ ಕತ್ತಿಯ ಮೂಲಕ ಗಡ್ಡೆಯಿಂದ ಗಡ್ಡೆಗೆ ದಾಟುತ್ತದೆ. ರೋಗಾಣು ಸಾಯಲೆಂದು ಕೆಲವರು ಅಲಗನ್ನು ಒಲೆಯ ಬೆಂಕಿಗೆ ಹಿಡಿಯುತ್ತಾರೆ. ರೋಗಾಣುವಿನ ಜೊತೆಗೆ ಉಕ್ಕಿನ ಹದವೂ ಸಾಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎರಡೂ ಕೆಲಸ ಕೆಡುವುದಿಲ್ಲ.

ಕಾನೂನಿನ ಭಯ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತು. ಮನೆವಾರ್ತೆಗೆ, ಕೃಷಿಗೆ ರೂಪಿಸಿದವು ಅದರಿಂದಲೂ ಹೊರಗು. ಹಾಗೆಂದು ಶಾಲೆಗೆ, ಪರೀಕ್ಷಾ ಕೊಠಡಿಗೆ ಒಯ್ಯುವುದು ಸಲ್ಲದು. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಕತ್ತಿಗಳನ್ನಂತೂ ಮುಟ್ಟಲೇಬೇಡಿರಿ. ಅವುಗಳಿಂದ ತೋಟಕ್ಕೆ ಯಾವ ಪ್ರಯೋಜನವೂ ಇಲ್ಲ, ಪೊಲೀಸರ ಅನುಮಾನ ಮಾತ್ರ ಖಚಿತ.

ಕತ್ತಿಯ ಜೊತೆಗೆ ಅಂದೇ ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಮಸೆಗಲ್ಲನ್ನೂ ಕೊಂಡುಕೊಳ್ಳಿರಿ. ಎರಡೂ ಬದಿ ಮಸೆದ ಅಲಗು ಎರಡು ಸೆಂಟಿಮೀಟರು ಅಗಲವಿದ್ದರೆ, ಬೆನ್ನನ್ನು ಕಲ್ಲಿನಿಂದ ಆರು ಮಿಲಿಮೀಟರಿನಷ್ಟು ಎತ್ತಿ ಹಿಡಿದು, ಆ ಎತ್ತರ ಬದಲಾಗದಂತೆ ಒಂದು ಬದಿಯನ್ನು ಮಸೆಯಬೇಕು. ಆಚೆ ಬದಿಯಲ್ಲಿ ಬೆರಳಿಗೆ ಸಣ್ಣ ತರಿ ಸಿಕ್ಕಿತೆಂದರೆ ಆ ಬದಿಯ ಕೆಲಸ ಮುಗಿಯಿತು. ಇನ್ನೊಂದು ಬದಿಯನ್ನೂ ಹೀಗೆಯೇ ಮಸೆದು, ನಯವಾದ ಮುಖದ ಮೇಲೆ ಹಗುರವಾಗಿ ಆಡಿಸಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆದರೆ ತರಿಯೂ ಉದುರುತ್ತದೆ. ದಿನಪತ್ರಿಕೆಯ ಹಾಳೆಯ ಅಂಚನ್ನು ಹರಿಯದೆ ಸೀಳಿದರೆ ಮೃದುಕಾಂಡ ಕಸಿಗೂ ಅದೇ ಕತ್ತಿ ಸಾಕು.