ಗೊರಕೆ ನಿಂತ ಆ ಇಪ್ಪತ್ತು ಸೆಕೆಂಡು

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ವಾಕಿಂಗ್ ಮಂದಿಗೆ ತಮ್ಮ ಶುಗರ್, ಬಿಪಿ, ಮಾತ್ರೆಯ ಹೆಸರು ಎಲ್ಲ ಬಾಯಿಪಾಠ. ಗೊರಕೆಯ ಮಾತು ಬಂತೋ, ನಗೆಯೋ ನಗೆ. ಒಬ್ಬರ ಯಜಮಾನರದು ಜೆಸಿಬಿಯಂತೆ, ಇನ್ನೊಬ್ಬರದು ಹಿಟ್ಟಿನ ಗಿರಣಿಯಂತೆ. ಆ ಗಿರಣಿ ನಡುರಾತ್ರಿ ತಟ್ಟನೆ ನಿಂತಾಗ ‘ಸದ್ಯ, ನಿಂತಿತಲ್ಲ’ ಎಂದು ಮಗ್ಗುಲು ಬದಲಿಸುತ್ತೀರಲ್ಲ, ಹೆದರಬೇಕಾದ್ದು ಆಗಲೇ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಎದೆ ಏಳುತ್ತಿರುತ್ತದೆ, ಬೀಳುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಆಗ ಬರುವುದೇ ಆ ಏದುಸಿರಿನ ಗೊರಕ್. ಇದರ ಹೆಸರು ಸ್ಲೀಪ್ ಆಪ್ನಿಯ. ಹತ್ತು ಸೆಕೆಂಡು ಉಸಿರು ಕಟ್ಟಿದರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 5 ದಾಟಿದರೆ ಕಾಯಿಲೆ, 30 ಮುಟ್ಟಿದರೆ ತೀವ್ರ. ಏಳು ಗಂಟೆ ಮಲಗುವವನಿಗೆ ರಾತ್ರಿಗೆ 210 ಸಲ! ಬೆಳಗ್ಗೆ ಅವನಿಗೆ ಒಂದೂ ನೆನಪಿರುವುದಿಲ್ಲ. ತಲೆನೋವು, ಒಣಗಿದ ಬಾಯಿ, ಸಿಡುಕು, ಅಷ್ಟೇ.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮನ್ನು ಚೆನ್ನಾಗಿ ಕೆಡಿಸಿದೆ. ಸಿಗ್ನಲ್ಲಿನಲ್ಲಿ ಸ್ಟೀರಿಂಗ್ ಮೇಲೆ ತಲೆ ವಾಲಿಸುವವನು ನಿಶ್ಚಿಂತನಲ್ಲ, ರಾತ್ರಿಯಿಡೀ ಉಸಿರಿಗಾಗಿ ಹೆಣಗಿದವನು. ಸಭೆಗಳಲ್ಲಿ ತೂಕಡಿಸುತ್ತಿದ್ದ ಸಿದ್ದರಾಮಯ್ಯನವರ ಫೋಟೋ ಹಂಚಿಕೊಂಡು ನಕ್ಕವರು ನಾವು. ತಮಗೆ ಈ ತೊಂದರೆ ಇದೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ಮುಖ್ಯಮಂತ್ರಿಯಾಗಿದ್ದವರಿಗೇ ಇಲ್ಲದ ನಾಚಿಕೆ ನಮ್ಮ ಬಡಾವಣೆಯ ಯಜಮಾನರಿಗೇಕೆ?

ಬಿಪಿಗೆ ಮೂರು ಮಾತ್ರೆ ನುಂಗಿದರೂ ಇಳಿಯುತ್ತಿಲ್ಲವೆಂದು ಡಾಕ್ಟರನ್ನೇ ಬದಲಿಸುತ್ತೀರಿ, ರಾತ್ರಿಯ ಸುದ್ದಿ ಎತ್ತುವುದಿಲ್ಲ. ನಿದ್ದೆ ಸರಿಯಿಲ್ಲವೆಂದು ಎರಡು ಪೆಗ್ ಹಾಕುತ್ತೀರಿ. ಗಂಟಲು ಇನ್ನಷ್ಟು ಸಡಿಲಗೊಳ್ಳುತ್ತದೆ. ಹೃದಯದ ಬಡಿತ ತಪ್ಪುವುದಕ್ಕೂ ಲಕ್ವ ಹೊಡೆಯುವುದಕ್ಕೂ ಈ ಕಾಯಿಲೆಗೂ ನಂಟಿದೆ. ದಪ್ಪಗಿರುವವರ ರೋಗ ಎಂದು ತೆಳ್ಳಗಿನವರು ಬೀಗಬೇಕಾಗಿಲ್ಲ. ಚಿಕ್ಕ ದವಡೆ ಸಾಕು. ಮುಟ್ಟು ನಿಂತ ಹೆಂಗಸರಲ್ಲೂ ಹೆಚ್ಚು. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಟಾನ್ಸಿಲ್ ಊದಿರಬಹುದು, ನಿದ್ದೆಗೆಟ್ಟು ಮಂಕಾದ ಅದನ್ನು ನೀವು ದಡ್ಡ ಎಂದು ಟ್ಯೂಷನ್ನಿಗೆ ಕಳಿಸುತ್ತಿದ್ದೀರಿ.

ಪರೀಕ್ಷೆ ದೂರವೂ ಅಲ್ಲ. ನಿದ್ದೆಯನ್ನೇ ಅಧ್ಯಯನ ಮಾಡುವ ನಿಮ್ಹಾನ್ಸ್‌ಗೆ ಸಿದ್ದಾಪುರದಿಂದ ಆಟೋದಲ್ಲಿ ಎಷ್ಟು ಹೊತ್ತು? ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿಕೊಂಡು ಮಲಗುವುದು, ಅಷ್ಟೇ ಕೆಲಸ. ಕೆಲವರಿಗೆ ಮನೆಯಲ್ಲೇ ಮಾಡಬಹುದು. ಸಿಡ್ನಿಯ ಕಾಲಿನ್ ಸಲಿವನ್ ಮೂಗಿನಿಂದ ಗಾಳಿಯೊತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ವಿಧಾನವನ್ನು 1981ರಲ್ಲೇ ಪ್ರಕಟಿಸಿದರು. ನಮ್ಮ ಸಂಬಂಧಿಕರೊಬ್ಬರು ಆ ಮಷೀನು ಕೊಂಡರು; ಮಾಸ್ಕು ಕಿರಿಕಿರಿ ಎಂದು ನಾಲ್ಕನೇ ದಿನ ಅಟ್ಟಕ್ಕೇರಿಸಿದರು. ಹೊಸ ಚಪ್ಪಲಿ ಕಚ್ಚಿದರೆ ವಾರ ಸಹಿಸಿಕೊಳ್ಳುವುದಿಲ್ಲವೇ? ಮಾಸ್ಕಿನ ಅಳತೆ ಬದಲಿಸಿ ಎಂದು ಕೇಳಲಿಕ್ಕೂ ಸೋಮಾರಿತನ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಇವೂ ಉಪಯೋಗಕ್ಕೆ ಬರುತ್ತವೆ; ತೀವ್ರವಿದ್ದವರಿಗೆ ಇವಿಷ್ಟೇ ಸಾಲುವುದಿಲ್ಲ.

ಡಾಕ್ಟರ ಹತ್ತಿರ ಹೋದಾಗ ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ. ರಾತ್ರಿ ಉಸಿರು ನಿಂತಿದ್ದನ್ನು ಎಣಿಸಿದವಳು ಆಕೆ. ‘ಇಲ್ಲ ಡಾಕ್ಟ್ರೇ, ಏನೋ ಸ್ವಲ್ಪ ಗೊರಕೆ’ ಎಂದು ನೀವು ಶುರುಮಾಡುವ ಮೊದಲು ಆಕೆ ಮಾತಾಡಲಿ.