ಪದವಿಯ ವರ್ಷಗಳೂ ಪಾಠದ ಪೀಠವೂ

ಪದವಿ ತರಗತಿಯ ಅವಧಿ ಮೂರು ವರ್ಷಗಳಿರಬೇಕೋ ನಾಲ್ಕು ವರ್ಷಗಳಿರಬೇಕೋ ಎಂಬ ಚರ್ಚೆ ನಮ್ಮ ನಾಡಿನಲ್ಲಿ ಬಹಳವಾಗಿ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು, 2021-22ನೆಯ ಸಾಲಿನಲ್ಲಿಯೇ, ಜಾರಿಗೆ ತಂದ ಕೀರ್ತಿ ಕರ್ನಾಟಕದ್ದು. ಅದನ್ನು ಕೈಬಿಡುವುದರಲ್ಲಿಯೂ ನಾವು ಹಿಂದುಳಿಯಲಿಲ್ಲ. 2023ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿತವಾಯಿತು. ಅದರ ಮಧ್ಯಂತರ ವರದಿಯನ್ನನುಸರಿಸಿ 2024ರ ಮೇ ತಿಂಗಳಲ್ಲಿ ಹೊರಟ ಆದೇಶವು ಪದವಿಯನ್ನು ಮತ್ತೆ ಮೂರು ವರ್ಷಗಳಿಗೆ ತಂದು ನಿಲ್ಲಿಸಿತು. ಅದಕ್ಕೆ ಮೊದಲು ಸೇರಿದ್ದ ವಿದ್ಯಾರ್ಥಿಗಳು ತಮ್ಮ ಹಿಂದಿನ ಕ್ರಮದಲ್ಲಿಯೇ ಮುಂದುವರಿದರು. ಹೀಗಾಗಿ 2024-25ರಲ್ಲಿ ಒಂದೇ ಕಾಲೇಜಿನ ಅಕ್ಕಪಕ್ಕದ ಕೊಠಡಿಗಳಲ್ಲಿ ಎರಡು ನೀತಿಗಳ ಪಾಠ ನಡೆಯಿತು.

ನನ್ನ ಒಲವು ಮೂರು ವರ್ಷಗಳ ಕಡೆಗೇ. ಇದಕ್ಕೆ ಕಾರಣ ಭದ್ರಾವತಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಗೊಂಡಿತು. ತಂದೆ ದುಡಿದ ಕಾರ್ಖಾನೆಯಲ್ಲಿಯೇ ಮಗನಿಗೂ ಕೆಲಸ ದೊರೆತೀತೆಂಬ ನೆಚ್ಚಿಕೆಯಿಂದ ಎಷ್ಟೋ ಮನೆಗಳು ಬದುಕಿದವು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಿತು. ಬಳಿಕ ಕೆಲವು ವಿಭಾಗಗಳು ಚಾಲನೆ ಪಡೆದರೂ ಹಿಂದಿನ ಆ ನೆಚ್ಚಿಕೆ ಮರಳಲಿಲ್ಲ. ಈಗ ಆ ಮನೆಗಳಿಗೆ ಉಳಿದಿರುವುದು ಪದವಿಯೊಂದೇ. ನಾಲ್ಕನೆಯ ವರ್ಷ ಐಚ್ಛಿಕವಾಗಿತ್ತೆಂಬುದು ನಿಜ. ಆದರೆ ಒಬ್ಬನ ಕೈಯಲ್ಲಿ ಆನರ್ಸ್ ಪದವಿಯಿರುವಾಗ ಅದಿಲ್ಲದವನು ಸಂದರ್ಶನದಲ್ಲಿ ಹಿಂದಾಗುವುದೂ ಅಷ್ಟೇ ನಿಜ. ಇನ್ನೊಂದು ವರ್ಷದ ಶುಲ್ಕ, ಬಸ್ಸಿನ ಪಾಸು ಇವು ಹೇಗೋ ಒದಗಿಯಾವು. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯ ಹಿರಿಯರ ತಾಳ್ಮೆ ಒದಗುವುದು ಕಷ್ಟ.

ಇಷ್ಟಾದರೂ, ವರ್ಷಗಳ ಈ ಎಣಿಕೆಯಲ್ಲಿ ನಾವು ಮುಖ್ಯವಾದುದನ್ನೇ ಮರೆತೆವೆಂದು ನನಗೆ ತೋರುತ್ತದೆ. ಮೂರಾಗಲಿ ನಾಲ್ಕಾಗಲಿ, ಪಾಠ ಹೇಳುವವರು ಯಾರು?

ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ತಿಥಿಯ ಗೊತ್ತಿಲ್ಲದೆ ಬಂದುಹೋಗುವವನು ಅತಿಥಿ ಎಂದು ನಾವು ಬಾಲ್ಯದಲ್ಲಿ ಕಲಿತೆವು. ಹತ್ತು ಹದಿನೈದು ವರ್ಷ ಒಂದೇ ಕರಿಹಲಗೆಯ ಮುಂದೆ ನಿಂತವರನ್ನೂ ಅತಿಥಿಗಳೆಂದು ಕರೆಯುವ ಔದಾರ್ಯ ನಮ್ಮ ಕಾಲದ್ದು! 2022ರ ಜನವರಿಯಲ್ಲಿ ಅವರ ಮಾಸಿಕ ಗೌರವಧನ ಅರ್ಹತೆ ಮತ್ತು ಅನುಭವಗಳಿಗನುಸಾರ 26,000ದಿಂದ 32,000 ರೂಪಾಯಿಗಳವರೆಗೆ ನಿಗದಿಯಾಯಿತು. 2023ರ ನವೆಂಬರಿನಲ್ಲಿ ಸೇವಾ ಖಾಯಮಾತಿಯನ್ನು ಬೇಡಿ ಅವರು ತರಗತಿಗಳಿಂದ ಹೊರಗುಳಿದರು. ಹಲವು ವಾರಗಳ ಮೇಲೆ ಗೌರವಧನ 5,000ದಿಂದ 8,000 ರೂಪಾಯಿಗಳಷ್ಟು ಏರಿತು, ಖಾಯಮಾತಿ ದೊರೆಯಲಿಲ್ಲ. ಆ ವಾರಗಳಲ್ಲಿ ನಷ್ಟವಾದ ಪಾಠಗಳಿಗೆ ಯಾವ ನೀತಿಯೂ ಉತ್ತರ ಹೇಳದು.

ಇದರ ಪರಿಣಾಮ ನಿಧಾನವಾದುದು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಸ್ನಾತಕೋತ್ತರ ವಿದ್ಯೆ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ದೊರೆಯುವಂತಾಯಿತು. ಬಡ ಮನೆಯ ಜಾಣ ಹುಡುಗಿಯೊಬ್ಬಳು ಅಲ್ಲಿ ಎಂ.ಎಸ್ಸಿ. ಮುಗಿಸಿದಳೆನ್ನೋಣ. ತನಗೆ ಕಲಿಸಿದವರು ಪ್ರತಿ ವರ್ಷವೂ ಅರ್ಜಿ ಹಿಡಿದು ನಿಂತುದನ್ನು ಕಂಡವಳು ಅವಳು. ಅಧ್ಯಾಪನ ವೃತ್ತಿಗೆ ಬಾ ಎಂದು ನಾವು ಯಾವ ಮುಖದಿಂದ ಅವಳನ್ನು ಕರೆಯೋಣ?

ಸರಕಾರವನ್ನಷ್ಟೇ ದೂರಿ ಸುಮ್ಮನಾಗಲಾರೆ. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರ ಸ್ಥಾನಗಳು ವರ್ಷಗಟ್ಟಲೆ ಭರ್ತಿಯಾಗುವುದಿಲ್ಲ; ಆಡಳಿತ ಮಂಡಳಿಗಳು ತಮ್ಮ ಶಕ್ತ್ಯನುಸಾರ ಸಂಬಳ ಕೊಟ್ಟು ನಡೆಸುತ್ತವೆ. ಮಠಗಳ ವಿದ್ಯಾಸಂಸ್ಥೆಗಳಿಗೆ ದಾನಿಗಳು ಎಂದೂ ಕೈ ಬಿಗಿಹಿಡಿದವರಲ್ಲ. ಆದರೆ ಕೊಠಡಿಗೆ, ನೀರಿನ ತೊಟ್ಟಿಗೆ, ಗೋಡೆಯ ಗಡಿಯಾರಕ್ಕೆ ಹೆಸರು ಬರೆಸಬಹುದು. ಅಧ್ಯಾಪಕನ ರಜೆಯ ತಿಂಗಳುಗಳ ಸಂಬಳಕ್ಕೆ ಶಿಲಾಫಲಕವನ್ನು ಎಲ್ಲಿ ನೆಡುವುದು? ಈ ಮಾತು ಕೆಲವರಿಗೆ ಕಹಿಯಾದೀತು, ಕ್ಷಮೆಯಿರಲಿ. ಒಂದು ಕೊಠಡಿಗೆ ತಗಲುವ ಹಣವನ್ನು ಬ್ಯಾಂಕಿನಲ್ಲಿ ದತ್ತಿಯಾಗಿರಿಸಿ, ಅದರ ಬಡ್ಡಿಯಿಂದ ಒಬ್ಬ ಉಪನ್ಯಾಸಕರಿಗೆ ರಜೆಯ ಎರಡು ತಿಂಗಳ ಸಂಬಳ ಕೊಡಲಾದೀತೇ ಎಂದು ನಮ್ಮ ಹಿರಿಯ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಮೊದಲಿಗೆ ಒಂದು ವಿಷಯ ಸಾಕು, ಗಣಿತದಿಂದ ಆರಂಭಿಸಬಹುದು.