ಎದುರು ಪಕ್ಷದವರನ್ನು ಮೆಚ್ಚಲು ಅವರು ಸಾಯುವ ತನಕ ಕಾಯಬೇಕೆ?

2025ರ ಏಪ್ರಿಲ್ 26ರಂದು ಮೈಸೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ, ಪಾಕಿಸ್ತಾನದ ಮೇಲೆ ಯುದ್ಧ ಮಾಡುವ ಅಗತ್ಯವಿಲ್ಲ, ಭದ್ರತೆ ಬಿಗಿ ಮಾಡಬೇಕು ಎಂಬರ್ಥದ ಮಾತಾಡಿದರು. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದು ನಾಲ್ಕೇ ದಿನವಾಗಿತ್ತು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಪಾಕಿಸ್ತಾನದ ಚಾನೆಲ್‌ಗಳು ಆ ಮಾತನ್ನು ಎತ್ತಿಕೊಂಡವು. ಇಲ್ಲಿ ಬಿಜೆಪಿಯವರು ಮುಖ್ಯಮಂತ್ರಿಯನ್ನು ಶತ್ರುವಿನ ವಕ್ತಾರನೆಂಬಂತೆ ಜರಿದರು. ಯುದ್ಧ ಬೇಡವೇ ಬೇಡ ಎಂದಿಲ್ಲ, ಅದು ಕೊನೆಯ ದಾರಿಯಾಗಬೇಕು ಎಂದಿದ್ದೇನೆ ಅಂತ ಮರುದಿನ ಅವರು ಬಿಡಿಸಿ ಹೇಳಬೇಕಾಯಿತು. ಅವರದೇ ಕಾಂಗ್ರೆಸ್ ಪಕ್ಷದ ಹೈಕಮಾಂಡ್ ಬೆನ್ನಿಗೆ ನಿಲ್ಲುವ ಬದಲು, ಪಕ್ಷದ ನಿರ್ಣಯ ಮೀರಿ ಯಾರೂ ಮಾತಾಡಕೂಡದು ಎಂದು ಎಲ್ಲರ ಬಾಯಿ ಕಟ್ಟಿತು.

ನಮ್ಮ ದುಮ್ಮವಾಡದ ಕಡೆ ಆಗ ಯಾವ ಚಾದಂಗಡಿಗೆ ಹೋದರೂ ಇದೇ ಮಾತು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಕುಡಿಸಿದ ನೀರಸಾಗರ ಕೆರೆಯ ಮಗ್ಗುಲಿನ ಊರು ಇದು. ಮುಂಗಾರಿಗೆ ಹೊಲ ಹದ ಮಾಡಿಕೊಳ್ಳುವ ದಿನಗಳು. ಕಟ್ಟೆಯ ಮೇಲೆ ಕೂತವರು ಮಾತ್ರ ಗೋವಿನಜೋಳದ ಬೀಜ, ಗೊಬ್ಬರದ ಮಾತು ಬಿಟ್ಟು ಲಾಹೋರ್, ಕರಾಚಿಯ ಲೆಕ್ಕ ಹಾಕುತ್ತಿದ್ದರು. ಅಲ್ಲಿ ಕಿವಿಗೆ ಬಿದ್ದ ಎರಡು ಮಾತು ಇನ್ನೂ ತಲೆಯಲ್ಲಿವೆ. ಮೂರು ತಲೆಮಾರಿನಿಂದ ಕಾಂಗ್ರೆಸ್ಸಿಗೇ ಗುಂಡಿ ಒತ್ತಿದ ಮನೆತನದ ಒಬ್ಬರು ಅಂದದ್ದು: “ಅಟಲ್‌ಜಿ ಇರಬೇಕಿತ್ರೀ ಈಗ. ಆ ಮನಿಷ್ಯಾನ ಬ್ಯಾರೆ.” ಅವರೆದುರು ಕೂತ ಬಿಜೆಪಿಯ ಹಿರಿಯರು ಬಿಟ್ಟಾರೆಯೇ: “ನಿಮ್ಮ ಇಂದಿರಾಬಾಯಿ ಗುಂಡಿಗಿ ಈಗಿನ ನಿಮ್ಮವರಿಗೆ ಎಲ್ಲೈತಿ? ಪಾಕಿಸ್ತಾನ ಎರಡು ತುಂಡು ಮಾಡಿ ಒಗದ್ಲು ಆಕಿ.”

ಹೊರಗಿನವರು ಕೇಳಿದರೆ, ಆಹಾ, ಪಕ್ಷದ ಗೋಡೆ ದಾಟಿ ದೊಡ್ಡತನ ಗುರುತಿಸುವ ಜನ ಎಂದಾರು. ನನಗೆ ಹಾಗನಿಸುವುದಿಲ್ಲ. ಇಬ್ಬರೂ ಬದುಕಿರುವವರನ್ನು ಹೊಡೆಯಲು ಸತ್ತವರನ್ನು ಕೋಲು ಮಾಡಿಕೊಂಡಿದ್ದರು. ವಾಜಪೇಯಿ ಹೆಸರೆತ್ತಿದ್ದು ಮೋದಿಯವರನ್ನು ಚಿಕ್ಕದು ಮಾಡಲಿಕ್ಕೆ. ಇಂದಿರಾ ಹೆಸರೆತ್ತಿದ್ದು ಖರ್ಗೆ, ರಾಹುಲ್, ಸಿದ್ದರಾಮಯ್ಯ ಅವರನ್ನು ಹಂಗಿಸಲಿಕ್ಕೆ. ಸತ್ತವರು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ. ಅವರನ್ನು ಹೊಗಳಿದರೆ ಒಂದು ವೋಟೂ ಆಚೆ ಹೋಗುವುದಿಲ್ಲ. ಬದುಕಿರುವವರಲ್ಲೂ ನಾವು ಮೆಚ್ಚುವುದು ಒಂದೇ ಬಗೆಯವರನ್ನು, ತಮ್ಮ ಪಕ್ಷಕ್ಕೆ ಇರುಸುಮುರುಸು ತಂದವರನ್ನು. ಪಹಲ್ಗಾಮ್‌ಗೆ ಉತ್ತರವಾಗಿ ನಡೆದ ಸಿಂಧೂರ ಕಾರ್ಯಾಚರಣೆಯ ನಂತರ ವಿದೇಶಗಳಿಗೆ ಹೋದ ಸಂಸದರ ನಿಯೋಗವೊಂದಕ್ಕೆ ಕೇಂದ್ರ ಸರ್ಕಾರ ಶಶಿ ತರೂರ್ ಅವರನ್ನು ಮುಖ್ಯಸ್ಥರಾಗಿ ಆರಿಸಿತು. ಕಾಂಗ್ರೆಸ್ ಕೊಟ್ಟ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅಂದಿನಿಂದ ಬಿಜೆಪಿಯವರ ಬಾಯಲ್ಲಿ ತರೂರ್ ವಿದ್ವಾಂಸರು, ದೇಶಭಕ್ತರು. ವಿದೇಶದಲ್ಲಿ ಆಡಿದ ಮಾತನ್ನೇ ತರೂರ್ ತಮ್ಮ ಪಕ್ಷದ ಪಟ್ಟಿಯಲ್ಲಿ ಹೋಗಿ ಆಡಿದ್ದರೆ ಇಷ್ಟು ಹೊಗಳಿಕೆ ಸಿಗುತ್ತಿತ್ತೇ?

ಯುದ್ಧದ ವಿಷಯದಲ್ಲಿ ಈ ಚಟ ಬರೀ ಚಟವಾಗಿ ಉಳಿಯುವುದಿಲ್ಲ, ಅಪಾಯಕ್ಕೆ ತಿರುಗುತ್ತದೆ. ಏಕೆಂದರೆ ನಾವು ಸತ್ತವರ ಪೂರ್ತಿ ಚರಿತ್ರೆಯನ್ನು ಮೆಚ್ಚುವುದಿಲ್ಲ, ನಮಗೆ ಬೇಕಾದ ತುಣುಕನ್ನು ಹರಿದುಕೊಳ್ಳುತ್ತೇವೆ. ಇಂದಿರಾ ಅವರನ್ನು ವಾಜಪೇಯಿ ದುರ್ಗೆ ಎಂದು ಕರೆದರು ಎಂಬ ಕಥೆಯನ್ನು ಎರಡೂ ಪಕ್ಷದವರು ಹೇಳುತ್ತಾರೆ. ನಾನು ಹಾಗೆ ಅಂದೇ ಇಲ್ಲ ಎಂದು ಸ್ವತಃ ವಾಜಪೇಯಿ ಹೇಳಿದ್ದರು. ಆದರೂ ಕಥೆ ನಿಲ್ಲಲಿಲ್ಲ, ಏಕೆಂದರೆ ಅದು ಇಬ್ಬರಿಗೂ ಬೇಕು. ನಿಜವಾಗಿ ನಡೆದದ್ದೇನು? 1971ರ ಏಪ್ರಿಲ್‌ನಿಂದಲೇ ಯುದ್ಧಕ್ಕೆ ಹೋಗಿ, ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಡಿ ಎಂಬ ಒತ್ತಡ ಇಂದಿರಾ ಮೇಲಿತ್ತು. ಬಿಜೆಪಿಯ ಹಿಂದಿನ ರೂಪವಾದ, ವಾಜಪೇಯಿಯವರ ಜನಸಂಘ ಬೀದಿಗಿಳಿದು ಒತ್ತಾಯಿಸಿತ್ತು. ಸೇನಾ ಮುಖ್ಯಸ್ಥ ಮಾಣೆಕ್‌ಷಾ ಸಮಯ ಬೇಕೆಂದರು. ಇಂದಿರಾ ತಿಂಗಳುಗಟ್ಟಲೆ ಕಾದರು. ಡಿಸೆಂಬರ್ 3ರಂದು ಪಾಕಿಸ್ತಾನವೇ ನಮ್ಮ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿತು, 16ಕ್ಕೆ ಢಾಕಾದಲ್ಲಿ ಶರಣಾಗತಿಯಾಯಿತು. ಆ ಹದಿಮೂರು ದಿನಗಳನ್ನು ಹಾಡಿ ಹೊಗಳುವವರು ಅದರ ಹಿಂದಿನ ಎಂಟು ತಿಂಗಳ ತಾಳ್ಮೆಯನ್ನು ನೆನೆಯುವುದಿಲ್ಲ. ಮುಂದಿನ ವರ್ಷದ ಜುಲೈ 2ರ ಶಿಮ್ಲಾ ಒಪ್ಪಂದವನ್ನಂತೂ ಇಂದಿರಾ ಅವರ ತಪ್ಪೆಂದೇ ಎಣಿಸುತ್ತಾರೆ. ಗೆದ್ದ ನೆಲ ಹಿಂದಿರುಗಿಸಿದರು ಎಂದು ಜನಸಂಘ ಅಂದು ವಿರೋಧಿಸಿತ್ತು, ವಾಜಪೇಯಿಯವರೂ ವಿರೋಧಿಸಿದ್ದರು.

ಅದೇ ವಾಜಪೇಯಿ ಪ್ರಧಾನಿಯಾಗಿ 1999ರ ಫೆಬ್ರುವರಿಯಲ್ಲಿ ಬಸ್ ಹತ್ತಿ ಲಾಹೋರಿಗೆ ಹೋದರು. ಅಲ್ಲಿ ಸಹಿಯಾದ ಲಾಹೋರ್ ಘೋಷಣೆ ಶಿಮ್ಲಾ ಒಪ್ಪಂದವನ್ನು ಅಕ್ಷರಶಃ ಪಾಲಿಸುವ ಸಂಕಲ್ಪವನ್ನು ಮತ್ತೆ ಸಾರಿತು. ಇಪ್ಪತ್ತೇಳು ವರ್ಷದ ಹಿಂದೆ ತಾವು ಬೈದದ್ದನ್ನು ಅಧಿಕಾರದಲ್ಲಿ ಕೂತಾಗ ಎತ್ತಿ ಹಿಡಿದರು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡತನ, ಎದುರು ಪಕ್ಷದವರನ್ನು ನಿಜವಾಗಿ ಮೆಚ್ಚುವುದು ಎಂದರೆ ಅದೇ: ಅವರು ಮಾಡಿದ ಕಷ್ಟದ ಕೆಲಸವನ್ನು ತಾನು ಮುಂದುವರಿಸುವುದು. ಭಾಷಣದಲ್ಲಿ ಒಂದು ಮಾತು ಹೊಗಳಿ ಕೂತುಕೊಳ್ಳುವುದಲ್ಲ.

ಮೂರು ತಿಂಗಳಲ್ಲಿ ಕಾರ್ಗಿಲ್ ಯುದ್ಧ ಬಂತು. ವಾಜಪೇಯಿ ಸರ್ಕಾರ ಒಂದೇ ವೋಟಿನಲ್ಲಿ ಬಿದ್ದು ಉಸ್ತುವಾರಿಯಾಗಿದ್ದ ಹೊತ್ತು. ಚುನಾವಣೆ ಎದುರಿಗಿದೆ, ಬೆಟ್ಟದ ತುದಿಯಿಂದ ಶತ್ರು ಗುಂಡು ಹಾರಿಸುತ್ತಿದ್ದಾನೆ. ಗಡಿ ನಿಯಂತ್ರಣ ರೇಖೆ ದಾಟಿ ಹೊಡೆಯಿರಿ ಎಂದಿದ್ದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ವಾಯುಪಡೆಗೂ ರೇಖೆ ದಾಟಬೇಡಿ ಎಂಬ ಆದೇಶವೇ ಉಳಿಯಿತು. ಅದರಿಂದ ನಮ್ಮ ಸೈನಿಕರ ಕೆಲಸ ಎಷ್ಟು ಕಠಿಣವಾಯಿತು, 527 ಜೀವಗಳಲ್ಲಿ ಎಷ್ಟು ಆ ಆದೇಶದ ಬೆಲೆ ಎಂದು ವಾದಿಸುವವರು ವಾದಿಸಲಿ, ಅದು ನ್ಯಾಯವಾದ ವಾದ. ಆದರೆ ಜಗತ್ತು ನಮ್ಮ ಪರ ನಿಂತದ್ದು, ಎರಡು ಅಣ್ವಸ್ತ್ರ ದೇಶಗಳ ಜಗಳ ಬೆಟ್ಟದಲ್ಲೇ ಮುಗಿದದ್ದು ಆ ಸಂಯಮದಿಂದಲೇ. 2003ರ ಜುಲೈನಲ್ಲಿ ಅಮೆರಿಕ ಇರಾಕಿಗೆ ಸೇನೆ ಕಳಿಸಿ ಎಂದಾಗಲೂ ಅವರ ಸರ್ಕಾರ ಇಲ್ಲ ಎಂದಿತು. ಕಳಿಸಿದ್ದರೆ ಹೋಗುತ್ತಿದ್ದವರು ಯಾರು? ಬೆಳಗಾವಿಯ ಮರಾಠಾ ರೆಜಿಮೆಂಟಿನ ಮೈದಾನದಲ್ಲಿ ಭರ್ತಿಗೆ ಓಡಿದ ಹುಡುಗರಂಥವರೇ.

ಇವತ್ತು ಆ ವಾಜಪೇಯಿಯವರನ್ನು ನೆನೆದು ಕಣ್ಣೀರು ಹಾಕುವ ಕಾಂಗ್ರೆಸ್ಸಿಗರು, ಅವರು ಬದುಕಿದ್ದಾಗ ಹೇಗೆ ನಡೆದುಕೊಂಡರು? ಅವರ ರಕ್ಷಣಾ ಸಚಿವ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಸಿಯಾಚಿನ್ನಿಗೆ ಮತ್ತೆ ಮತ್ತೆ ಹತ್ತಿ ಸೈನಿಕರ ಕಷ್ಟ ಕಣ್ಣಾರೆ ಕಂಡ ಸಚಿವ. ಅವರು ಸಂಸತ್ತಿನಲ್ಲಿ ಎದ್ದು ನಿಂತರೆ ಕಾಂಗ್ರೆಸ್ ಬಹಿಷ್ಕರಿಸಿ ಹೊರನಡೆಯಿತು; ಸೈನಿಕರ ಶವಪೆಟ್ಟಿಗೆ ಖರೀದಿಯ ಹಗರಣದ ಹೆಸರಲ್ಲಿ ಕಳ್ಳ ಎಂದು ಕೂಗಿತು. ಆ ಆರೋಪ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆಮೇಲೆ 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಯಾಗಿ, ಮನಮೋಹನ್ ಸಿಂಗ್ ಸೇನೆ ನುಗ್ಗಿಸದೆ ಜಗತ್ತಿನ ಒತ್ತಡ ಕಟ್ಟಿದಾಗ ಬಿಜೆಪಿ ಅವರನ್ನು ದುರ್ಬಲ ಎಂದಿತು. ಕಾರ್ಗಿಲ್‌ನಲ್ಲಿ ಮೆಚ್ಚಿದ ಸಂಯಮವೇ ಮುಂಬೈ ನಂತರ ಹೇಡಿತನವಾಯಿತು. ಬದಲಾದದ್ದು ಕುರ್ಚಿಯ ಮೇಲೆ ಕೂತವರ ಪಕ್ಷ.

ಈಗ 2025ಕ್ಕೆ ಬರುತ್ತೇನೆ. ಮೇ 7ರ ನಸುಕಿನಲ್ಲಿ ನಮ್ಮ ಸೇನೆ ಸಿಂಧೂರ ಕಾರ್ಯಾಚರಣೆಯಲ್ಲಿ ಒಂಬತ್ತು ಉಗ್ರ ನೆಲೆಗಳ ಮೇಲೆ ದಾಳಿ ಮಾಡಿತು. ಆ ವಾರ ಚಾನೆಲ್‌ಗಳು ಕರಾಚಿ ಬಂದರನ್ನೇ ಸುಟ್ಟು ಹಾಕಿದವು, ಮರುದಿನ ನೋಡಿದರೆ ಬಂದರು ಇದ್ದಲ್ಲೇ ಇತ್ತು. ಮೇ 10ರ ಸಂಜೆ ಕದನ ನಿಂತಿತು. ನಿಲ್ಲಿಸಿದ್ದು ಸರಿ. ನಾನಿದನ್ನು ನುಂಗಿಕೊಂಡು ಹೇಳುತ್ತಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ: ಮೋದಿ ಸರ್ಕಾರ ಆ ನಾಲ್ಕು ದಿನಗಳಲ್ಲಿ ಮಾಡಿದ ಅತ್ಯಂತ ಕಠಿಣ ಕೆಲಸ ಆ ನಿಲ್ಲಿಸುವಿಕೆ. ಆದರೆ ಅದಕ್ಕಾಗಿ ಅವರನ್ನು ಮೆಚ್ಚಿದವರು ಯಾರು? ಅವರ ಅಭಿಮಾನಿಗಳೇ ಕದನ ವಿರಾಮ ಪ್ರಕಟಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅವರನ್ನು, ಅವರ ಮನೆಯವರನ್ನೂ ಬಿಡದೆ ಬಾಯಿಗೆ ಬಂದಂತೆ ಬೈದರು. ಕಾಂಗ್ರೆಸ್ಸಿಗರೋ, ಇಂದಿರಾ ಆಗುವುದು ಸುಲಭವಲ್ಲ ಎಂಬ ಪೋಸ್ಟರ್ ಹಚ್ಚಿದರು. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಮೇ 20ರಂದು ಹೊಸಪೇಟೆಯ ವೇದಿಕೆಯಲ್ಲಿ ಅದನ್ನು ಸಣ್ಣಪುಟ್ಟ ಯುದ್ಧ ಎಂಬಂತೆ ಹಗುರ ಮಾಡಿ ಮಾತಾಡಿದರು. ಕದನ ವಿರಾಮವನ್ನು ಟ್ರಂಪ್ ಮೊದಲು ಯಾಕೆ ಪ್ರಕಟಿಸಿದರು ಎಂದು ಕೇಳುವುದು ವಿರೋಧ ಪಕ್ಷದ ಹಕ್ಕು, ಕೇಳಲೇಬೇಕು. ಇನ್ನೂ ಯಾಕೆ ಹೊಡೆಯಲಿಲ್ಲ ಎಂದು ಹಂಗಿಸುವುದು ಬೇರೆ. ಕೆಲವೇ ವಾರಗಳ ಹಿಂದೆ ತಮ್ಮ ಮುಖ್ಯಮಂತ್ರಿ ಯುದ್ಧ ಕೊನೆಯ ದಾರಿ ಎಂದಿದ್ದನ್ನು ಕಾಂಗ್ರೆಸ್ ಅಷ್ಟು ಬೇಗ ಮರೆಯಿತು.

ಸಿದ್ದರಾಮಯ್ಯನವರ ಮಾತಿನ ಹೊತ್ತು ಸರಿ ಇರಲಿಲ್ಲ. ಸತ್ತವರ ಮನೆಗಳಲ್ಲಿ ಅಳು ನಿಂತಿರಲಿಲ್ಲ. ಒಂದೆರಡು ವಾರ ಕಾಯಬಹುದಿತ್ತು. ಶತ್ರು ದೇಶದ ಟಿ.ವಿ. ಬಳಸಿಕೊಂಡಿತು ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿಯ ಟಿ.ವಿ. ಏನು ತೋರಿಸೀತು ಎಂದು ನೋಡಿ ಇಲ್ಲಿಯ ಚುನಾಯಿತರು ಬಾಯಿ ತೆರೆಯಬೇಕಾದರೆ, ಯುದ್ಧದ ಬಗ್ಗೆ ಯುದ್ಧ ಬೇಕು ಎನ್ನುವ ಒಂದೇ ಮಾತು ಉಳಿಯುತ್ತದೆ. ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ನೌಕಾಪಡೆಯ ಅಧಿಕಾರಿಯ ಹೆಂಡತಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ, ಶಾಂತಿ ಬೇಕು, ನ್ಯಾಯ ಬೇಕು ಎಂದದ್ದಕ್ಕೆ ಆಕೆಯನ್ನೂ ಬಿಡಲಿಲ್ಲ ನಮ್ಮ ಜನ. ಅಂಥ ಗಾಳಿಯಲ್ಲಿ ಒಬ್ಬ ಮುಖ್ಯಮಂತ್ರಿ ಆಡಿದ ಮಾತಿಗೆ ಬೆಲೆಯಿದೆ.

ನಮ್ಮ ಕ್ಷೇತ್ರದ ಮತದಾರನಿಗೆ ಗೋಡೆ ದಾಟುವುದು ಹೊಸದೇನೂ ಅಲ್ಲ. 2023ರಲ್ಲಿ ಕಲಘಟಗಿಯಿಂದ ಕಾಂಗ್ರೆಸ್ಸಿನ ಸಂತೋಷ್ ಲಾಡ್ ಗೆದ್ದರು. ಮರುವರ್ಷ ಇದೇ ಊರುಗಳನ್ನು ಒಳಗೊಂಡ ಧಾರವಾಡ ಲೋಕಸಭಾ ಕ್ಷೇತ್ರದಿಂದ ಬಿಜೆಪಿಯ ಪ್ರಲ್ಹಾದ ಜೋಶಿ ಸತತ ಐದನೇ ಸಲ ಸಂಸತ್ತಿಗೆ ಹೋದರು. ಹುಬ್ಬಳ್ಳಿಯ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿ, 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದಾಗ, ಒಂಬತ್ತು ತಿಂಗಳಲ್ಲಿ ಎರಡೂ ಪಕ್ಷದವರು ಅವರನ್ನು ಬೈದೂ ಆಗಿತ್ತು, ಹೊಗಳಿಯೂ ಆಗಿತ್ತು. ಅದು ಲಾಭದ ದಾಟುವಿಕೆ, ಅದರ ಮಾತು ಬಿಡೋಣ. ಪಹಲ್ಗಾಮ್ ದಾಳಿಯಾದ ಕೂಡಲೇ ಕಾಶ್ಮೀರಕ್ಕೆ ಹೋಗಿ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರನ್ನು ಒಟ್ಟುಗೂಡಿಸಿ ವಿಮಾನ ಹತ್ತಿಸಿದವರು ಇದೇ ಲಾಡ್. ದುಮ್ಮವಾಡದ ಬಿಜೆಪಿಯ ಹುಡುಗರೂ ಅದನ್ನು ಮೆಚ್ಚಿದರು, ಆದರೆ ಗುಂಪಿನಲ್ಲಿ ಗಟ್ಟಿಯಾಗಿ ಹೇಳಲಿಲ್ಲ. ಪಕ್ಕದಲ್ಲಿ ತಮ್ಮವರಿಲ್ಲ ಎಂದು ನೋಡಿಕೊಂಡು “ಛಲೋ ಮಾಡಿದ್ರು ಬಿಡ್ರಿ” ಎಂದರು. ಬದುಕಿರುವ ಎದುರಾಳಿಯನ್ನು ಮೆಚ್ಚುವಾಗ ನಮ್ಮ ದನಿ ಇಷ್ಟು ತಗ್ಗುವುದೇಕೆ?

ಯುದ್ಧ ನಮಗೆ ಟಿ.ವಿ.ಯಲ್ಲಿ ನೋಡುವ ಆಟವಲ್ಲ. ನಮ್ಮದೇ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಹೂತುಹೋದರು. ಜೊತೆಗಿದ್ದ ಒಂಬತ್ತು ಮಂದಿಯೂ ಸತ್ತರು. ಅವರಲ್ಲಿ ಹಾಸನ, ಮೈಸೂರು ಜಿಲ್ಲೆಯ ಇಬ್ಬರಿದ್ದರು. ಆರು ದಿನದ ಮೇಲೆ ಹನುಮಂತಪ್ಪ ಜೀವಂತ ಸಿಕ್ಕರು, ದೇಶವೇ ಕೈಮುಗಿಯಿತು, 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಬೆಟದೂರಿಗೆ ಎಲ್ಲ ಪಕ್ಷದವರೂ ಬಂದರು. ಅಂದು ಯಾವ ಪಕ್ಷದವರೂ ಕೇಳದ ಒಂದು ಪ್ರಶ್ನೆ ಇತ್ತು: ಅಲ್ಲಿಂದ ಎರಡೂ ಕಡೆಯವರು ಸೇನೆ ಹಿಂತೆಗೆಯಲಾಗದೇ? 1984ರಿಂದ ಆ ಹಿಮದ ಮೇಲೆ ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೈನಿಕರು ನಿಂತಿದ್ದಾರೆ. ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ ಮತ್ತು ಹಿಮ. 1989ರಲ್ಲಿ ರಾಜೀವ್ ಗಾಂಧಿ ಕಾಲದಲ್ಲಿ ಸೇನೆ ಹಿಂತೆಗೆಯುವ ಮಾತುಕತೆ ಒಪ್ಪಂದದ ಹತ್ತಿರ ಬಂದು ಮುರಿಯಿತು. 2005ರಲ್ಲಿ ಮನಮೋಹನ್ ಸಿಂಗ್ ಅಲ್ಲಿಗೇ ಹೋಗಿ ಅದನ್ನು ಶಾಂತಿಯ ಪರ್ವತ ಮಾಡೋಣ ಎಂದರು, ಬಿಜೆಪಿ ಒಪ್ಪಲಿಲ್ಲ. ಸೇನೆಗೂ ಅದರದೇ ಕಾರಣಗಳಿದ್ದವು. ಕಾರ್ಗಿಲ್ ನೋಡಿದವರಿಗೆ ಪಾಕಿಸ್ತಾನದ ಮಾತಿನ ಮೇಲೆ ನಂಬಿಕೆ ಬರುವುದು ಕಷ್ಟ. ಆದರೆ ಆ ಕಾರಣಗಳನ್ನು ತೂಗಿ ನೋಡುವ ಚರ್ಚೆ ಎರಡು ಪಕ್ಷಗಳ ನಡುವೆ ನಡೆಯಲೇ ಇಲ್ಲ. ಮೊದಲು ಬಾಯಿ ತೆರೆದವನು ದುರ್ಬಲ ಎನಿಸಿಕೊಳ್ಳುತ್ತಾನೆ, ಅವನ ಪಕ್ಷ ಮುಂದಿನ ಚುನಾವಣೆ ಸೋಲುತ್ತದೆ ಎಂಬ ಹೆದರಿಕೆ. ಆ ಹೆದರಿಕೆಯನ್ನು ಹುಟ್ಟಿಸಿದವರು ಕಟ್ಟೆಯ ಮೇಲೆ ಕೂತ ನಾವು, ವೋಟು ಹಾಕುವ ನಾವು.

ಆದ್ದರಿಂದ ನನ್ನ ಒತ್ತಾಯ ನಮ್ಮವರಿಂದಲೇ ಶುರುವಾಗುತ್ತದೆ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಸಂಸದ ಜೋಶಿ, ಶಾಸಕ ಲಾಡ್ ಒಂದೇ ವೇದಿಕೆಯ ಮೇಲೆ ಕೂರುವ ಸಂದರ್ಭ ಬಂದೇ ಬರುತ್ತದೆ. ಅಲ್ಲಿ ಜೋಶಿಯವರು ಪಹಲ್ಗಾಮ್ ನಂತರ ಲಾಡ್ ಮಾಡಿದ ಕೆಲಸವನ್ನು ಹೆಸರಿಟ್ಟು ಮೆಚ್ಚಲಿ. ಯುದ್ಧ ಕೊನೆಯ ದಾರಿ ಎಂದ ಮುಖ್ಯಮಂತ್ರಿ ದೇಶದ್ರೋಹಿಯಲ್ಲ ಎಂದೂ ಹೇಳಲಿ. ಲಾಡ್ ಎದ್ದು, ಮೇ 10ರಂದು ಕದನ ನಿಲ್ಲಿಸಿದ ಪ್ರಧಾನಿಯ ತೀರ್ಮಾನ ಸರಿಯಿತ್ತು, ಅದಕ್ಕಾಗಿ ಅವರನ್ನು ಹಂಗಿಸಿದ ನಮ್ಮ ಪಕ್ಷದವರು ತಪ್ಪು ಮಾಡಿದರು ಎನ್ನಲಿ. ಇಬ್ಬರಿಗೂ ನಮ್ಮ ವೋಟು ಬಿದ್ದಿದೆ. ಅಷ್ಟು ಕೇಳುವ ಅಧಿಕಾರ ನಮಗಿದೆ. ಹೇಳಿದವರಿಗೆ ಅವರ ಪಕ್ಷದ ಕಾರ್ಯಕರ್ತರು ಗದ್ದಲ ಹಾಕಿದರೆ, ಚಪ್ಪಾಳೆ ಎದುರು ಪಕ್ಷದವರ ಕಡೆಯಿಂದ ಮೊದಲು ಏಳಬೇಕು.